ಹಳೆಯ ಬೇಟೆ ರೈಫಲ್‌ಗಳಲ್ಲಿ ಸ್ಕೋಪ್ ಮೌಂಟ್ ಮತ್ತು ಮಾರ್ಪಾಡುಗಳ ಗುರುತಿಸುವಿಕೆ

ಬೇಟೆ ರೈಫಲೊಂದು ತಯಾರಕರ ಅಂಗಡಿಯಿಂದ ಹೊರಟಾಗ ಹೇಗಿತ್ತು, ಆಮೇಲೆ ಯಾವ ಕಾಲದಲ್ಲಿ ಏನೇನು ಬದಲಾಯಿತು ಎಂಬುದನ್ನು ಅದರ ಮೈಮೇಲಿನ ತೂತು, ಬೆಸುಗೆ, ಅಚ್ಚು, ಸವಕಳಿಗಳಿಂದ ತಿಳಿಯುವ ಕ್ರಮವೇ ಇಲ್ಲಿಯ ವಿಷಯ. 1890ರ ದಶಕದಿಂದ 1960ರ ದಶಕದವರೆಗೆ ತಯಾರಾದ, ಹೊಗೆಯಿಲ್ಲದ ಮದ್ದಿನ ತೋಟೆ ಹಾರಿಸುವ ರೈಫಲ್‌ಗಳಿಗೆ ಇದು ಅನ್ವಯಿಸುತ್ತದೆ. ಮೈಸೂರು ಸಂಸ್ಥಾನದ ಅರಸು ಮನೆತನಗಳು, ಬೆಂಗಳೂರು ದಂಡಿನ ಅಧಿಕಾರಿಗಳು, ಕೊಡಗು ಮತ್ತು ಮಲೆನಾಡಿನ ಕಾಫಿ ತೋಟದವರು ತರಿಸಿಕೊಂಡ ಇಂಥ ರೈಫಲ್‌ಗಳು ಕರ್ನಾಟಕದಲ್ಲಿ ಇಂದಿಗೂ ಉಳಿದಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಕೋವಿಗಳು ಮಾತ್ರ ಕುಟುಂಬದ ಸ್ವತ್ತಾಗಿ, ಪರವಾನಗಿಯ ಜೊತೆ ತಲೆಮಾರಿನಿಂದ ತಲೆಮಾರಿಗೆ ಬಂದಿವೆ. ಅವುಗಳ ಬಗ್ಗೆ ಮನೆಯಲ್ಲಿ ಹೇಳುವ ಕಥೆಯನ್ನು, ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟೆಂದಂತೆ, ಹಾಗೆಯೇ ಒಪ್ಪಬೇಕಾಗಿಲ್ಲ. ಉಕ್ಕು ಮತ್ತು ಮರ ಹೇಳುವುದನ್ನು ಮೊದಲು ಕೇಳಬೇಕು.

ಸ್ಕೋಪಿಗಿಂತ ಮೊದಲು ಟಾರ್ಚು

ಯುರೋಪಿನ ಸಂಗ್ರಾಹಕರು ಹಳೆಯ ರೈಫಲಿನ ಮೇಲೆ ತೂತು ಕಂಡರೆ ಅದು ಸ್ಕೋಪಿನದೆಂದೇ, ಅಂದರೆ ಗುರಿ ನೋಡುವ ದುರ್ಬೀನಿನದೆಂದೇ, ಊಹಿಸುತ್ತಾರೆ. ದಕ್ಷಿಣ ಭಾರತದ ಕೋವಿಯಲ್ಲಿ ಹಾಗೆ ಊಹಿಸಿದರೆ ದಾರಿ ತಪ್ಪುತ್ತದೆ. ಇಲ್ಲಿಯ ಬೇಟೆ ಬಹುಪಾಲು ಹತ್ತಿರದ ಬೇಟೆ. ಹಳುವಿನೊಳಗೆ ಸೋಹುವಾಗಲಿ, ಹುಲಿ ಕೊಂದುಹಾಕಿದ ದನದ ಮೇಲೆ ಮರದ ಅಟ್ಟಣಿಗೆಯಲ್ಲಿ ಕಾಯುವಾಗಲಿ, ಗುರಿಯ ದೂರ ಕೆಲವೇ ಮಾರು. ಅಷ್ಟು ಹತ್ತಿರಕ್ಕೆ ಅಗಲವಾದ ವಿ ಆಕಾರದ ಹಿಂದಿನ ಸೈಟು, ದಪ್ಪ ಮಣಿಯ ಮುಂದಿನ ಸೈಟು ಸಾಕಿತ್ತು, ಸ್ಕೋಪು ಅಡ್ಡಿಯಾಗುತ್ತಿತ್ತು. ದೂರದ ಗುರಿಗೆ ಸ್ಕೋಪು ಬೇಕಾಗಿದ್ದುದು ಬೆಟ್ಟದ ಬೋಳಿನಲ್ಲಿ ಮತ್ತು ಬಯಲಿನಲ್ಲಿ: ಹಿಮಾಲಯದ ಕಾಡುಮೇಕೆ, ನೀಲಗಿರಿಯ ವರೆಯಾಡು, ಬಯಲುಸೀಮೆಯ ಕೃಷ್ಣಮೃಗ.

ರಾತ್ರಿ ಕಾಯುವವನಿಗೆ ಬೇಕಾದದ್ದು ಬೆಳಕು. ಬ್ಯಾಟರಿ ಟಾರ್ಚನ್ನು ರೈಫಲಿಗೆ ಹಿಡಿಕೆಯಿಂದ ಬಿಗಿದು, ಎಡಗೈಗೆ ಸಿಗುವಂತೆ ಗುಂಡಿ ಇಟ್ಟುಕೊಳ್ಳುವ ಪದ್ಧತಿ ಆ ಕಾಲದ ಶಿಕಾರಿ ಬರಹಗಳಲ್ಲೆಲ್ಲ ಕಾಣುತ್ತದೆ. ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ತಮ್ಮ ನರಭಕ್ಷಕಗಳ ಕಥೆಗಳಲ್ಲಿ ಇದನ್ನು ಮತ್ತೆ ಮತ್ತೆ ಹೇಳುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರು ಆ ಕಥೆಗಳನ್ನು ಕನ್ನಡಕ್ಕೆ ತಂದದ್ದರಿಂದ ಟಾರ್ಚು ಕಟ್ಟಿದ ರೈಫಲಿನ ಚಿತ್ರ ಕನ್ನಡ ಓದುಗರಿಗೂ ಪರಿಚಿತ. ಆದ್ದರಿಂದ ಕರ್ನಾಟಕದ ಕೋವಿಯಲ್ಲಿ ಅನುಮಾನದ ತೂತು ಕಂಡಾಗ ಮೊದಲ ಪ್ರಶ್ನೆ, ಇದು ಟಾರ್ಚಿನದೋ ಎಂಬುದು.

ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಸ್ಕೋಪಿನ ಪೀಠಗಳು ಕೂರುವುದು ರಿಸೀವರಿನ ಮೇಲೆ ಅಥವಾ ಪಕ್ಕದಲ್ಲಿ. ಅಂದರೆ ಬೋಲ್ಟು ಓಡಾಡುವ ಉಕ್ಕಿನ ಒಡಲಿನಲ್ಲಿ. ಟಾರ್ಚಿನ ಹಿಡಿಕೆ ಕೂರುವುದು ಅದಕ್ಕಿಂತ ಮುಂದೆ, ನಳಿಗೆಯ ಮೇಲೆ ಅಥವಾ ಎಡಗೈ ಹಿಡಿಯುವ ಮುಂಗಟ್ಟಿನ ಮರದ ಮೇಲೆ. ನಳಿಗೆಯ ಸುತ್ತ ಒಂದು ಬೆರಳಗಲ ನೀಲಿ ಲೇಪ ಸವೆದು ಬಿಳಿಯ ಪಟ್ಟಿಯಾಗಿದ್ದರೆ, ಮುಂಗಟ್ಟಿನ ಮರದಲ್ಲಿ ಸಣ್ಣ ಹಿತ್ತಾಳೆ ಸ್ಕ್ರೂಗಳೋ ಅವುಗಳ ಮುಚ್ಚಿದ ತೂತುಗಳೋ ಇದ್ದರೆ, ಗುಂಡಿಯ ತಂತಿ ಹೋದ ಸಣ್ಣ ಗೀರು ಇದ್ದರೆ, ಅದು ಟಾರ್ಚಿನ ಕೆಲಸ. ಇಂಥ ಗುರುತನ್ನು ಹಾನಿಯೆಂದು ಅಳಿಸಿಹಾಕುವುದು ದೊಡ್ಡ ನಷ್ಟ. ನಮ್ಮ ಕಾಡಿನಲ್ಲಿ ಆ ಕೋವಿ ನಿಜವಾಗಿ ದುಡಿದಿದೆ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ.

ಇಲ್ಲಿ ಸಿಗುವ ರೈಫಲ್‌ಗಳು

ಹೆಚ್ಚಿನವು ಜರ್ಮನಿಯ ಓಬರ್ನ್‌ಡಾರ್ಫ್‌ನ ಮೌಸರ್ 98 ಒಡಲಿನ ಮೇಲೆ ಇಂಗ್ಲೆಂಡಿನ ತಯಾರಕರು ಕಟ್ಟಿದ ಬೋಲ್ಟ್ ರೈಫಲ್‌ಗಳು. .275 ರಿಗ್ಬಿ, .318 ವೆಸ್ಟ್ಲಿ ರಿಚರ್ಡ್ಸ್, .404 ಜೆಫ್ರಿ, 1911ರ .416 ರಿಗ್ಬಿ, 1912ರ .375 ಹಾಲೆಂಡ್ ಅಂಡ್ ಹಾಲೆಂಡ್ ಈ ಗುಂಪಿನವು. 10.75 ಮಿ.ಮೀ. ಮೌಸರನ್ನು ಭಾರತದಲ್ಲಿ .423 ಎಂದು ಕರೆಯುವ ರೂಢಿ ಇತ್ತು. ಆಸ್ಟ್ರಿಯದ ಮಾನ್‌ಲಿಕರ್-ಶೋನವರ್ ಕೂಡ ತೋಟದವರಿಗೆ ಅಚ್ಚುಮೆಚ್ಚು. ದೊಡ್ಡ ಪ್ರಾಣಿಗೆ ಜೋಡುನಳಿಗೆ ರೈಫಲ್.

ಅಳತೆಯೇ ಒಂದು ಸುಳಿವು. 1907ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ .450 ಅಳತೆಯ ರೈಫಲ್‌ಗಳನ್ನು ನಿಷೇಧಿಸಿತು. ಸೈನ್ಯದ ಮಾರ್ಟಿನಿ-ಹೆನ್ರಿಗೆ ಹೊಂದುವ ಗುಂಡು ದಂಗೆಕೋರರ ಕೈಗೆ ಸಿಗಬಾರದೆಂಬುದು ಕಾರಣ. ಆಮೇಲೆ .465, .470, .475ರಂಥ ಅಳತೆಗಳು ಹುಟ್ಟಿಕೊಂಡವು. ಹಾಗಾಗಿ 1907ಕ್ಕಿಂತ ಹಿಂದಿನ ನಂಬರಿನ ರೈಫಲಿನಲ್ಲಿ ಆಮೇಲಿನ ಅಳತೆ ಕಂಡರೆ ನಳಿಗೆ ಬದಲಾಗಿದೆಯೇ ಎಂದು ನೋಡಬೇಕು. ಹಾಗೆಯೇ .303 ಸೈನ್ಯದ ಅಳತೆಯಾಗಿ ನಾಗರಿಕರಿಗೆ ನಿಷಿದ್ಧವಾದ್ದರಿಂದ ಲೀ-ಎನ್‌ಫೀಲ್ಡ್ ಒಡಲಿನ ರೈಫಲ್‌ಗಳು ಇಲ್ಲಿ .315 ಅಳತೆಯಲ್ಲಿ ಸಿಗುತ್ತವೆ. ಬಿ.ಎಸ್.ಎ. ಕಂಪನಿ ಮಾಡಿದವೂ ಇವೆ, ಸ್ವಾತಂತ್ರ್ಯದ ನಂತರ ಇಷಾಪುರದ ಸರ್ಕಾರಿ ಕಾರ್ಖಾನೆ ಮಾಡಿದವೂ ಇವೆ.

ನಳಿಗೆಯ ಮೇಲೆ ಕೆತ್ತಿದ ಹೆಸರು ಯಾವಾಗಲೂ ತಯಾರಕನದಲ್ಲ. ಕಲ್ಕತ್ತದ ಮ್ಯಾಂಟನ್, ರೋಡಾ, ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ಮಾರಾಟಗಾರರಾಗಿ ತಮ್ಮ ಹೆಸರು ಹಾಕಿಸುತ್ತಿದ್ದರು.

ಮೌಂಟುಗಳ ಬಗೆ

ಜರ್ಮನಿ ಮತ್ತು ಆಸ್ಟ್ರಿಯದ ಹಳೆಯ ಪದ್ಧತಿ ಕೊಕ್ಕೆ ಮೌಂಟ್. ರಿಸೀವರಿನ ಮುಂದಿನ ಬಳೆಯ ಮೇಲೊಂದು, ಹಿಂದೆ ಬೋಲ್ಟಿನ ಮೇಲೆ ಸೇತುವೆಯಂತೆ ಹಾಯುವ ಬ್ರಿಜ್ ಮೇಲೊಂದು ಪೀಠ ಇರುತ್ತದೆ. ಸ್ಕೋಪಿನ ಕಾಲುಗಳ ಕೊಕ್ಕೆಗಳನ್ನು ಮುಂದಿನ ಪೀಠದ ಸೀಳುಗಳಿಗೆ ಓರೆಯಾಗಿ ಇಳಿಸಿ ಹಿಂಭಾಗವನ್ನು ಕೆಳಕ್ಕೆ ಒತ್ತಿದರೆ ಸ್ಪ್ರಿಂಗಿನ ಅಗುಳಿ ಕಚ್ಚಿಕೊಳ್ಳುತ್ತದೆ. ಜರ್ಮನಿಯ ಸೂಲ್ ಊರಿನ ಕುಶಲಕರ್ಮಿಗಳು ಈ ಕೆಲಸಕ್ಕೆ ಹೆಸರಾಗಿದ್ದರು. ಪ್ರತಿಯೊಂದು ಕೊಕ್ಕೆಯನ್ನೂ ಅರದಿಂದ ಉಜ್ಜಿ ಆ ಒಂದು ರೈಫಲಿಗೇ ಕೂಡಿಸಿದ್ದರಿಂದ ಒಂದರ ಸ್ಕೋಪು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಹಲವರು ರೈಫಲಿನ ನಂಬರನ್ನು ಮೌಂಟಿನ ಮೇಲೂ ಕೆತ್ತುತ್ತಿದ್ದರು. ಆ ನಂಬರು ತಾಳೆಯಾದರೆ ಮೌಂಟು ಆ ರೈಫಲಿನದೇ ಎಂಬುದಕ್ಕೆ ಬಲವಾದ ಸಾಕ್ಷಿ. ಕೊಕ್ಕೆ ಮೌಂಟು ಸಾಮಾನ್ಯವಾಗಿ ಎತ್ತರ. ಸ್ಕೋಪಿನ ಅಡಿಯಿಂದ ಕಬ್ಬಿಣದ ಸೈಟೂ ಕಾಣುವಂತೆ ಕಮಾನು ಬಿಟ್ಟಿರುತ್ತಾರೆ.

ಕೊಕ್ಕೆ ಮೌಂಟಿನ ಹಿಂದಿನ ಪೀಠದಲ್ಲಿ ಪಕ್ಕಕ್ಕೆ ಸರಿಸುವ ತಿರುಪು ಇದೆಯೇ ಎಂದು ತಪ್ಪದೆ ನೋಡಬೇಕು. ಹಳೆಯ ಜರ್ಮನ್ ಸ್ಕೋಪುಗಳಲ್ಲಿ ಮೇಲೆ-ಕೆಳಗೆ ಹೊಂದಿಸುವ ಚಕ್ರ ಮಾತ್ರ ಇರುತ್ತಿತ್ತು; ಎಡ-ಬಲ ಹೊಂದಿಸುವ ಕೆಲಸ ಮೌಂಟಿನದು. ಪೀಠದಲ್ಲಿ ಆ ತಿರುಪು ಇದ್ದು ಮೇಲಿರುವ ಸ್ಕೋಪಿನಲ್ಲಿ ಎರಡೂ ಚಕ್ರಗಳಿದ್ದರೆ, ಮೊದಲಿನ ಸ್ಕೋಪು ಹೋಗಿ ಇನ್ನೊಂದು ಬಂದಿದೆ ಎಂಬ ಶಂಕೆ ಬಲವಾಗುತ್ತದೆ.

ಪಕ್ಕದ ಮೌಂಟಿನಲ್ಲಿ ರಿಸೀವರಿನ ಎಡಗೋಡೆಗೆ ಉಕ್ಕಿನ ಪಟ್ಟಿಯೊಂದನ್ನು ಸ್ಕ್ರೂ ಮತ್ತು ಪಿನ್ನುಗಳಿಂದ ಕೂಡಿಸಿ, ಸನ್ನೆ ತಿರುಗಿಸಿ ಸ್ಕೋಪನ್ನು ತೆಗೆದುಹಾಕುವಂತೆ ಮಾಡಿರುತ್ತಾರೆ. ಅಮೆರಿಕದ ಗ್ರಿಫಿನ್ ಅಂಡ್ ಹೋ ಕಂಪನಿಯದು 1920ರ ದಶಕದ ಕೊನೆಯಿಂದ ಪ್ರಸಿದ್ಧ. ಹಾಲೆಂಡ್ ಅಂಡ್ ಹಾಲೆಂಡ್ ಕೂಡ ಇದೇ ತತ್ತ್ವದ ಮೌಂಟ್ ಹಾಕುತ್ತಿತ್ತು. ಸ್ಕೋಪು ಹೋಗಿ ಪಟ್ಟಿ ಮಾತ್ರ ಉಳಿದ ರೈಫಲ್‌ಗಳನ್ನು ಕಂಡವರು ಅದೇನೆಂದು ತಿಳಿಯದೆ ಬಿಚ್ಚಿಸಿಬಿಡುವುದುಂಟು. ಎಡಗೋಡೆಯಲ್ಲಿ ಸಾಲಾಗಿ ಹಲವು ತೂತು, ಅವುಗಳಲ್ಲಿ ಕೆಲವು ಥ್ರೆಡ್ಡಿಲ್ಲದ, ಒಂದೆಡೆ ಕಿರಿದಾಗುವ ಪಿನ್ನಿನವು ಎಂದಾದರೆ ಅದು ಪಕ್ಕದ ಮೌಂಟಿನ ಗುರುತು. ಬಲಗೋಡೆಯ ಹಿಂಭಾಗದಲ್ಲಿ ಎರಡು ತೂತು ಇದ್ದರೆ ಅವು ಸ್ಕೋಪಿನವಲ್ಲ. ಲೈಮನ್ 48ರಂಥ ಕಿಂಡಿ ಸೈಟಿನವು.

ಕೆಲವು ರೈಫಲ್‌ಗಳ ರಚನೆಯೇ ಮೌಂಟಿನ ಜಾಗವನ್ನು ಗೊತ್ತುಮಾಡುತ್ತದೆ. ಆಂಡರ್ಸನ್ ಹಿಡಿದ .405 ವಿಂಚೆಸ್ಟರ್ 1895 ಮಾದರಿಯಲ್ಲಿ ಖಾಲಿ ತೋಟೆ ನೇರ ಮೇಲಕ್ಕೆ ಚಿಮ್ಮುತ್ತದೆ, ಆದ್ದರಿಂದ ನಡುಮಧ್ಯೆ ಸ್ಕೋಪು ಕೂರಿಸುವಂತಿಲ್ಲ. ಅಂಥ ರೈಫಲಿಗೆ ಸ್ಕೋಪು ಹಾಕಿದ್ದರೆ ಎಡಗೋಡೆಯಲ್ಲಿ ತೂತು ಇರಲೇಬೇಕು. ಮಾನ್‌ಲಿಕರ್-ಶೋನವರಿನ ಹಿಂದಿನ ಬ್ರಿಜ್ ಸೀಳಾಗಿದ್ದು ಬೋಲ್ಟಿನ ಹಿಡಿ ಅದರ ನಡುವೆಯೇ ಹಾದುಹೋಗುತ್ತದೆ. ಸ್ಕೋಪು ಎತ್ತರವಾಗಿರಬೇಕು, ಇಲ್ಲವೇ ಪಕ್ಕಕ್ಕೆ ಸರಿದಿರಬೇಕು. ಲೀ-ಎನ್‌ಫೀಲ್ಡಿನಲ್ಲಿ ಹಿಂದಿನ ಪೀಠಕ್ಕೆ ಮೇಲೆ ಜಾಗವೇ ಇಲ್ಲದ್ದರಿಂದ ಮೌಂಟು ಎಡಗೋಡೆಯ ಮೇಲೆ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಹಾಲೆಂಡ್ ಅಂಡ್ ಹಾಲೆಂಡ್ ಸ್ನೈಪರ್ ರೈಫಲ್‌ಗಳಾಗಿ ಮಾರ್ಪಡಿಸಿದ ನಂ. 4 (ಟಿ) ಮಾದರಿಯಲ್ಲೂ ಎಡಗೋಡೆಗೆ ಎರಡು ಗದ್ದುಗೆ, ಅವಕ್ಕೆ ಹೆಬ್ಬೆರಳಿನಿಂದ ತಿರುವುವ ಎರಡು ತಿರುಪಿನ ಚೌಕಟ್ಟು, ಹಿಂಬದಿಯ ಮರದ ಮೇಲೆ ಕೆನ್ನೆಗೆ ಎತ್ತರಿಸಿದ ಹಲಗೆ ಇರುತ್ತವೆ.

ಕಾರ್ಖಾನೆಯಲ್ಲೇ ಒಡಲಿನ ಭಾಗವಾಗಿ ಕಡೆದ ಪೀಠಗಳು ಬೇರೆ ಗುಂಪು. ಮೌಸರಿನ ಚೌಕ ಬ್ರಿಜ್‌ಗಳಿರುವ ಒಡಲು ಮೌಂಟಿಗೆಂದೇ ಹೆಚ್ಚು ಉಕ್ಕು ಉಳಿಸಿಕೊಂಡದ್ದು. ಯುದ್ಧಾನಂತರದ ಬಿ.ಎಸ್.ಎ., ಬ್ರನೋ, ಸಾಕೋ ರೈಫಲ್‌ಗಳಲ್ಲಿ ಒಡಲಿನ ಮೇಲೆಯೇ ಉಂಗುರ ಕೂರುವ ತೋಡು ಕಡೆದಿರುತ್ತದೆ. ಆಯಾ ಕಂಪನಿಯ ಉಂಗುರಗಳು ಅದಕ್ಕೇ ಹೊಂದುತ್ತವೆ. ವಿಂಚೆಸ್ಟರ್ 70 (1936) ಮಾದರಿಯ ಯುದ್ಧಪೂರ್ವದ ರೈಫಲ್‌ಗಳಲ್ಲಿ ಮುಂದಿನ ಬಳೆಗೆ ಕಾರ್ಖಾನೆಯ ತೂತು ಇರುತ್ತದೆ, ಹಿಂದಿನ ಬ್ರಿಜ್‌ಗೆ ಇರುವುದಿಲ್ಲ. ಅಂಥದ್ದರ ಬ್ರಿಜ್‌ನಲ್ಲಿ ತೂತು ಕಂಡರೆ ಅದು ಬೇರೆಯವರು ಕೊರೆದದ್ದು.

ಮಾರ್ಪಾಡುಗಳು ಒಂದಕ್ಕೊಂದು ಹೇಳುವ ಸಾಕ್ಷಿ

ಒಂದೊಂದೇ ಗುರುತನ್ನು ಬಿಡಿಯಾಗಿ ನೋಡಿದರೆ ತೀರ್ಮಾನ ಸಿಗುವುದಿಲ್ಲ. ಸ್ಕೋಪಿನ ಎತ್ತರ, ಬೋಲ್ಟಿನ ಹಿಡಿ, ಸೇಫ್ಟಿ, ಮರದ ಆಕಾರ ಈ ನಾಲ್ಕೂ ಒಂದೇ ಮಾತು ಹೇಳಬೇಕು. ಪರಿಣತರಿಗೂ ಸಾಮಾನ್ಯ ಮಾಲೀಕರಿಗೂ ಇರುವ ವ್ಯತ್ಯಾಸವೆಲ್ಲ ಇಲ್ಲಿಯೇ ಕಾಣುತ್ತದೆ.

ಮೌಸರ್ ರೈಫಲನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಮೂಲ ಸೇಫ್ಟಿ ಬೋಲ್ಟಿನ ಹಿಂದೆ ಇರುವ ರೆಕ್ಕೆಯಾಕಾರದ ಸನ್ನೆ. ಎಡಕ್ಕಿದ್ದರೆ ಗುಂಡು ಹಾರುತ್ತದೆ, ಬಲಕ್ಕೆ ತಿರುಗಿಸಿದರೆ ಬಂದ್. ನಡುವೆ ಅದು ನೆಟ್ಟಗೆ ನಿಲ್ಲುತ್ತದೆ. ತಗ್ಗಾದ ಸ್ಕೋಪು ಹಾಕಿದರೆ ಆ ನೆಟ್ಟಗಿನ ರೆಕ್ಕೆ ಸ್ಕೋಪಿನ ಕೊಳವೆಗೆ ತಾಗುತ್ತದೆ. ಬೋಲ್ಟನ್ನು ಎತ್ತಿದಾಗ ಅದರ ಹಿಡಿಯ ಗುಂಡೂ ಸ್ಕೋಪಿನ ಹಿಂಭಾಗಕ್ಕೆ ಬಡಿಯುತ್ತದೆ. ಆದ್ದರಿಂದ ತಗ್ಗು ಸ್ಕೋಪಿನ ಜೊತೆ ಸೇಫ್ಟಿಯೂ ಬದಲಾಗಿರಬೇಕು, ಬೋಲ್ಟಿನ ಹಿಡಿಯೂ ಬಗ್ಗಿರಬೇಕು ಅಥವಾ ಹೊಸ ಹಿಡಿ ಬೆಸೆದಿರಬೇಕು. ಸ್ಕೋಪು ತಗ್ಗಾಗಿದ್ದು ರೆಕ್ಕೆಯ ಸೇಫ್ಟಿ ಹಾಗೇ ಇದ್ದರೆ ಅದು ಕೆಲಸಕ್ಕೆ ಬರುವ ಜೋಡಣೆಯಲ್ಲ, ಮಾರಾಟಕ್ಕೆಂದು ಕೂಡಿಸಿದ್ದು ಎಂದು ಧೈರ್ಯವಾಗಿ ಹೇಳಬಹುದು. ಸ್ಕೋಪು ಈಗ ಇಲ್ಲದಿದ್ದರೂ ಬಗ್ಗಿಸಿದ ಬೋಲ್ಟ್, ಬದಲಾದ ಸೇಫ್ಟಿ ಎರಡೂ ಇದ್ದರೆ ಹಿಂದೊಮ್ಮೆ ತಗ್ಗು ಸ್ಕೋಪು ಇದ್ದಿರುವ ಸಂಭವ ಹೆಚ್ಚು.

ಬೋಲ್ಟಿನ ಹಿಡಿಯ ಬುಡವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಬೆಸುಗೆಯ ಸುತ್ತ ಉಕ್ಕಿನ ಬಣ್ಣ ಬೇರೆಯಾಗಿರುತ್ತದೆ, ನುಣುಪು ಮಾಡಿದರೂ ಒಂದು ಕೂದಲೆಳೆಯ ಗೆರೆ ಉಳಿಯುತ್ತದೆ. ಹಿಡಿಗೆ ಹೊಂದುವಂತೆ ಮರವನ್ನೂ ಕೊರೆಯಬೇಕಾಗುತ್ತದೆ. ಆ ಕೊರೆತದೊಳಗೆ ಮರ ತಿಳಿಬಣ್ಣದ್ದಾಗಿದ್ದು ಸುತ್ತಲಿನ ಎಣ್ಣೆಕುಡಿದ ಕಪ್ಪು ಒಳಗೆ ಇಳಿದಿರದಿದ್ದರೆ ಕೆಲಸ ಇತ್ತೀಚಿನದು.

ಸೈನ್ಯದ ಮೌಸರಿನ ಹಿಂದಿನ ಬ್ರಿಜ್ ಮೇಲೆ ತೋಟೆಪಟ್ಟಿ ತುರುಕುವ ಗುಬ್ಬು ಇರುತ್ತದೆ. ಅದನ್ನು ಅರದಿಂದ ತಿಕ್ಕಿ ಸಮ ಮಾಡಿದ್ದರೆ ಆ ರೈಫಲು ಬೇಟೆಯ ಅಂಗಡಿಯಿಂದಲ್ಲ, ಸೈನ್ಯದ ದಾಸ್ತಾನಿನಿಂದ ಬಂದದ್ದು. ಹಿಂಬದಿಯ ಮರವೂ ಮಾತಾಡುತ್ತದೆ. ಕಬ್ಬಿಣದ ಸೈಟಿಗೆ ಮಾಡಿದ ಮರ ಹಿಂದಕ್ಕೆ ಹೆಚ್ಚು ಇಳಿಜಾರು. ಸ್ಕೋಪಿಗೆ ಕಣ್ಣು ಮೇಲೆ ಬರಬೇಕಾದ್ದರಿಂದ ಕೆನ್ನೆಯ ಜಾಗ ಎತ್ತರವಾಗಿರುತ್ತದೆ. ಇಳಿಜಾರು ಮರದ ಮೇಲೆ ಎತ್ತರದ ಸ್ಕೋಪಿದ್ದರೆ ಗದ್ದ ಊರಿ ನೋಡಬೇಕಾಗುತ್ತದೆ.

ಕೆತ್ತನೆ ಮತ್ತು ಅಚ್ಚುಗಳು ಎಲ್ಲಕ್ಕಿಂತ ಖಚಿತ. ಪೀಠದ ಅಂಚಿನಲ್ಲೇ ಕೆತ್ತನೆಯ ಬಳ್ಳಿ ನಿಂತು ತಿರುಗಿ ಹೊರಟಿದ್ದರೆ, ಪೀಠದ ಮೇಲೂ ಅದೇ ಕೈಯ ಕೆತ್ತನೆ ಮುಂದುವರಿದಿದ್ದರೆ ಅದು ಮೊದಲಿಂದಲೇ ಇದ್ದದ್ದು. ಪೀಠ ಬಳ್ಳಿಯನ್ನು ಅರ್ಧಕ್ಕೆ ತುಂಡರಿಸಿದ್ದರೆ, ನಂಬರಿನ ಅಂಕಿಯನ್ನೋ ಪ್ರೂಫ್ ಮುದ್ರೆಯನ್ನೋ ಮುಚ್ಚಿದ್ದರೆ ಆಮೇಲಿನದು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1904ರಿಂದ ಕಿರೀಟದ ಕೆಳಗೆ ಬಿ.ಪಿ., ಬಿ.ವಿ., ಎನ್.ಪಿ. ಮುದ್ರೆಗಳನ್ನು ಒತ್ತುತ್ತಿತ್ತು; ಬೆಲ್ಜಿಯಂನ ಲಿಯೇಜ್‌ನದು ಅಂಡಾಕಾರದೊಳಗೆ ಇ.ಎಲ್.ಜಿ. ನೀಲಿ ಲೇಪವನ್ನೂ ನೋಡಬೇಕು. ಹಳೆಯ ಕ್ರಮದ ತುಕ್ಕಿನ ಲೇಪ ಮೃದುವಾದ ಬೂದುಗಪ್ಪು. 1930ರ ದಶಕದಿಂದ ಹರಡಿದ ಕಾದ ಉಪ್ಪಿನ ಲೇಪ ಹೊಳಪಿನ ಕಪ್ಪು, ಕೆಲವೊಮ್ಮೆ ನೇರಳೆ ಛಾಯೆ. ಒಡಲು ಒಂದು ಬಣ್ಣ, ಪೀಠ ಇನ್ನೊಂದು ಬಣ್ಣವಾದರೆ ಕಾಲ ಬೇರೆ ಬೇರೆ. ಜೋಡುನಳಿಗೆಗೆ ಕಾದ ಉಪ್ಪಿನ ಲೇಪ ಮಾಡಿಸಲೇಬಾರದು. ನಳಿಗೆಗಳನ್ನು ಕೂಡಿಸಿದ ಮೆದು ಬೆಸುಗೆಯನ್ನು ಆ ಉಪ್ಪು ತಿಂದುಹಾಕುತ್ತದೆ.

ಸ್ಕ್ರೂಗಳೂ ಸಾಕ್ಷಿ ಹೇಳುತ್ತವೆ. ಅಮೆರಿಕದ ಮೌಂಟುಗಳ ರೂಢಿಯ ಅಳತೆ 6-48, ಅಂದರೆ ಸುಮಾರು 3.5 ಮಿ.ಮೀ. ದಪ್ಪ, ಅಂಗುಲಕ್ಕೆ 48 ಥ್ರೆಡ್ಡು. 1910ರ ಇಂಗ್ಲಿಷ್ ರೈಫಲಿನಲ್ಲಿ ಈ ಅಳತೆ ಸಿಕ್ಕಿದರೆ ಅದು ಯುದ್ಧಾನಂತರದ ಕೈಕೆಲಸವಾಗಿರುವ ಸಂಭವವೇ ಹೆಚ್ಚು.

ಸ್ಕೋಪಿನ ಕಾಲನಿರ್ಣಯ

ವಿಯೆನ್ನದ ಕಾಲೆಸ್ 1900ರಿಂದ, ಜೇನಾದ ಝೈಸ್ 1904ರಿಂದ ಬೇಟೆ ಸ್ಕೋಪು ಮಾಡಿದವು. ಝೈಸ್‌ನ ಜೀಲ್‌ಫಿಯರ್ 4 ಪಟ್ಟು, ಜೀಲ್‌ಸೆಕ್ಸ್ 6 ಪಟ್ಟು ದೊಡ್ಡದು ಮಾಡುತ್ತದೆ. ಝೈಸ್‌ನದೇ ಆದರೂ ಓಬರ್‌ಕೋಖೆನ್ ಎಂಬ ಊರಿನ ಹೆಸರಿದ್ದರೆ ಅದು ಎರಡನೇ ಮಹಾಯುದ್ಧದ ನಂತರದ್ದೇ. ಜೇನಾ ಎಂದಿದ್ದರೆ ಮಾತ್ರ ಅವಸರ ಬೇಡ. ಯುದ್ಧದ ಮೊದಲೂ ನಂತರ ಪೂರ್ವ ಜರ್ಮನಿಯಲ್ಲೂ ಆ ಹೆಸರು ಬಳಕೆಯಲ್ಲಿತ್ತು. ಕೊಳವೆಯ ದಪ್ಪವೂ ಊರು ಹೇಳುತ್ತದೆ: ಯುರೋಪಿನದು ಬಹುಮಟ್ಟಿಗೆ 26 ಮಿ.ಮೀ., 1930ರ ದಶಕದ ಅಮೆರಿಕದ ವೀವರ್ 330 ಮುಕ್ಕಾಲು ಅಂಗುಲ, ಲೈಮನ್ ಅಲಾಸ್ಕನ್ ಅಂಗುಲದ ಎಂಟರಲ್ಲಿ ಏಳು ಭಾಗ.

ಗಾಜಿನಲ್ಲಿ ಬಲ್ಬಿನ ಪ್ರತಿಬಿಂಬ ನೋಡಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ಲೇಪವಿಲ್ಲದ ಗಾಜಿನಲ್ಲಿ ಬಲ್ಬು ಬಿಳಿಯಾಗಿಯೇ ಕಾಣುತ್ತದೆ, ಲೇಪವಿದ್ದರೆ ನೀಲಿಯೋ ನೇರಳೆಯೋ. ಝೈಸ್‌ನಲ್ಲಿ ಅಲೆಕ್ಸಾಂಡರ್ ಸ್ಮಾಕುಲ ಈ ಲೇಪವನ್ನು ಕಂಡುಹಿಡಿದದ್ದು 1935ರಲ್ಲಿ. ಬೇಟೆಯ ಸ್ಕೋಪುಗಳಲ್ಲಿ ಅದು ಸಾಮಾನ್ಯವಾದದ್ದು ಯುದ್ಧದ ನಂತರ. ಇನ್ನು ಗುರಿಗೆರೆ. ಹಳೆಯ ಸ್ಕೋಪಿನಲ್ಲಿ ಚಕ್ರ ತಿರುಗಿಸಿದರೆ ಗುರಿಗೆರೆಯೇ ನೋಟದ ನಡುವಿನಿಂದ ಸರಿಯುತ್ತದೆ. ಅದು ಒಂದು ಮೂಲೆಗೆ ಹೋಗಿ ಕುಳಿತಿದ್ದರೆ ಮೌಂಟು ಓರೆಯಾಗಿದೆ, ಬಹುಶಃ ಬೇರೆ ರೈಫಲಿನಿಂದ ತಂದದ್ದು.

ನಮ್ಮ ಮಳೆ ಈ ಸ್ಕೋಪುಗಳ ಶತ್ರು. ಒಳಗೆ ಸಾರಜನಕ ತುಂಬಿ ಮುಚ್ಚಿದ ಸ್ಕೋಪು ಲೂಪೋಲ್ಡ್ ಕಂಪನಿಯಿಂದ ಬಂದದ್ದು 1947ರಲ್ಲಿ. ಅದಕ್ಕೆ ಹಿಂದಿನವುಗಳೊಳಗೆ ಮಲೆನಾಡಿನ ತೇವ ಸೇರಿ, ಗಾಜಿನ ಮೇಲೆ ಬೂಷ್ಟಿನ ಬಲೆ ಕಟ್ಟುತ್ತದೆ, ಗಾಜುಗಳನ್ನು ಅಂಟಿಸಿದ ಬಾಲ್ಸಮ್ ಹಳದಿಯಾಗಿ ಬಿಡುತ್ತದೆ. ಕೊಡಗಿನ ಕೋವಿಯಲ್ಲಿ ಪೀಠದ ಅಡಿ ತುಕ್ಕು, ಮೇಲೆ ಥಳಥಳಿಸುವ ಗಾಜು ಇದ್ದರೆ ಎರಡೂ ಒಟ್ಟಿಗೆ ಬದುಕಿದವಲ್ಲ.

ಕೊಡಗು, ಕಾನೂನು

ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ 1861ರಿಂದ ನಡೆದುಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗಳನ್ನು ತೊಳೆದು, ಎಣ್ಣೆ ಹಚ್ಚಿ, ತೋಕ್ ಪೂ ಎಂದು ಕರೆಯುವ ಹೂವಿಟ್ಟು ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಆ ಹಬ್ಬದ ಭಾಗ. ಈ ವರ್ಷಾವಧಿ ಎಣ್ಣೆ ಕೊಡಗಿನ ಹಳೆಯ ಕೋವಿಗಳ ಉಕ್ಕನ್ನು, ಅಷ್ಟು ಮಳೆಯಲ್ಲೂ, ಕಾಯಲು ನೆರವಾಗುತ್ತದೆ.

1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಕೋವಿ ದುರಸ್ತಿಯನ್ನು ಪರವಾನಗಿ ಪಡೆದವರೇ ಮಾಡಬೇಕು, ನಳಿಗೆ ಮೊಟಕು ಮಾಡುವುದಕ್ಕೆ ಪ್ರತ್ಯೇಕ ಅನುಮತಿ ಬೇಕು, ತಯಾರಕನ ಗುರುತು ಅಳಿಸಿದ ಕೋವಿ ಇಟ್ಟುಕೊಳ್ಳುವಂತಿಲ್ಲ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿಗಳಂಥ ಹಳೆಯ ಬಡಾವಣೆಗಳಲ್ಲಿ ಅಜ್ಜನ ಕಾಲದ ಕೋವಿ ಇಟ್ಟುಕೊಂಡ ಮನೆಯವರಿಗೆ ಯಾವುದನ್ನು ಉಳಿಸಿಕೊಳ್ಳಬೇಕೆಂಬ ಪ್ರಶ್ನೆ ಎದುರಾದದ್ದು ಆಗ. ಗುರುತಿಸುವ ವಿದ್ಯೆಯ ನಿಜವಾದ ಉಪಯೋಗವೂ ಅಲ್ಲಿಯೇ.

ದಾಖಲೆ

ಪರಿಶೀಲನೆಗೆ ಮೊದಲು ಕೋವಿ ಖಾಲಿಯೆಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ನಂಬರು, ಮುದ್ರೆಗಳು, ಪ್ರತಿಯೊಂದು ತೂತು, ಅವುಗಳ ನಡುವಿನ ಅಂತರ ಇವನ್ನು ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಬೇಕು. ರಿಗ್ಬಿ, ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್ ಕಂಪನಿಗಳು ತಮ್ಮ ಹಳೆಯ ಲೆಕ್ಕಪುಸ್ತಕಗಳನ್ನು ಇಟ್ಟುಕೊಂಡಿವೆ. ನಂಬರು ಕೊಟ್ಟರೆ ರೈಫಲು ಯಾವ ರೂಪದಲ್ಲಿ, ಯಾರಿಗೆ ಹೋಯಿತೆಂದು ತಿಳಿಯಬಹುದು. ಮೂಲ ಪೆಟ್ಟಿಗೆ ಉಳಿದಿದ್ದರೆ ಅದರ ಒಳಗಿನ ಮಖಮಲ್ಲಿನಲ್ಲೋ ಬಿಗಿಬಟ್ಟೆಯಲ್ಲೋ ಸ್ಕೋಪಿಗೆ ಗೂಡು ಬಿಟ್ಟಿದೆಯೇ ನೋಡಬೇಕು.

ಖಾಲಿ ತೂತನ್ನು ಬೆಸುಗೆಯಿಂದ ಮುಚ್ಚಿಸುವವರಿದ್ದಾರೆ. ರಿಸೀವರಿನ ಮುಂದಿನ ಬಳೆ ಗುಂಡಿನ ಒತ್ತಡವನ್ನು ತಡೆಯುವ ಜಾಗ. ಅಲ್ಲಿ ಬೆಸುಗೆಯ ಕಾವು ತಾಗಿದರೆ ಉಕ್ಕಿನ ಹದ ಕೆಡುತ್ತದೆ, ರೈಫಲು ಹಾರಿಸಲು ಅಪಾಯಕಾರಿಯಾಗುತ್ತದೆ. ಅದೇ ಥ್ರೆಡ್ಡಿನ ತಲೆಯಿಲ್ಲದ ಗಿಡ್ಡ ಸ್ಕ್ರೂವನ್ನು ಮೇಲ್ಮಟ್ಟಕ್ಕೆ ಸಮವಾಗಿ ಇಳಿಸಿದರೆ ತೂತು ಮುಚ್ಚುತ್ತದೆ, ಬೇಕೆಂದಾಗ ಬಿಚ್ಚಲೂ ಬರುತ್ತದೆ. ಸ್ಕ್ರೂ ಉದ್ದವಾಗಿ ಬೋಲ್ಟಿಗೆ ತಾಗದಂತೆ ಒಳಗಿನಿಂದ ಪರೀಕ್ಷಿಸುವುದು ಪರವಾನಗಿ ಪಡೆದ ಕೋವಿ ರಿಪೇರಿಯವರ ಕೆಲಸ.